ಆಫ್ರಿಕದ ಚರಿತ್ರೆಯೂ ನಮ್ಮ ಮಕ್ಕಳ ಪಾಠವೂ

ಹಳೆಯ ಮೈಸೂರು ಸೀಮೆಯ ಒಕ್ಕಲು ಮನೆಯಲ್ಲಿ ನಡುಹಗಲಿನ ಊಟಕ್ಕೆ ಕುಳಿತವನ ಮುಂದೆ ಇಡುವ ರಾಗಿಯ ಮುದ್ದೆಯೂ, ಅದರೊಡನೆ ಬಡಿಸುವ ಅಲಸಂದೆಕಾಳಿನ ಸಾರೂ, ಆ ಸಾರಿಗೆ ಹಿಂಡಿದ ಹುಣಿಸೆಯ ಹುಳಿಯೂ, ಬಿಜಾಪುರ ಕಲಬುರಗಿಗಳ ಕಡೆ ಬಡಿದು ಸುಟ್ಟ ಜೋಳದ ರೊಟ್ಟಿ ಸಜ್ಜೆಯ ರೊಟ್ಟಿಗಳೂ, ಉಂಡಾದ ಮೇಲೆ ಕೊಡಗು ಚಿಕ್ಕಮಗಳೂರುಗಳ ತೋಟದಿಂದ ಬಂದ ಕಾಫಿಯೂ ಕನ್ನಡಿಗನ ಬಾಳಿನಲ್ಲಿ ಎಷ್ಟು ಆಳವಾಗಿ ಬೆರೆತುಹೋಗಿವೆಯೆಂದರೆ, ಇವುಗಳಿಗೆ ಬೇರೊಂದು ತವರು ಇದ್ದಿತೆಂದರೆ ಕೇಳಿದವನು ಕ್ಷಣಕಾಲ ನಂಬದೆ ಇರಬಹುದು. ಆದರೆ ಸಸ್ಯಶಾಸ್ತ್ರವನ್ನೂ ಪ್ರಾಕ್ತನಶಾಸ್ತ್ರವನ್ನೂ ಬಲ್ಲವರು ಹೇಳುವುದು ಹೀಗೆ: ರಾಗಿಯನ್ನು ಮೊತ್ತಮೊದಲು ಬಿತ್ತಿ ಬೆಳೆದವರು ಇಥಿಯೋಪಿಯ ಉಗಾಂಡಗಳ ಎತ್ತರದ ಸೀಮೆಯ ಒಕ್ಕಲಿಗರು, ಕಾಡುಹುಲ್ಲಾಗಿದ್ದ ಜೋಳವನ್ನು ಪಳಗಿಸಿದವರು ಸೂಡಾನಿನ ಪೂರ್ವಭಾಗದವರು, ಸಜ್ಜೆ ಸಹಾರ ಮರುಭೂಮಿಯ ತೆಂಕಣ ಅಂಚಿನದು, ಅಲಸಂದೆ ಪಶ್ಚಿಮ ಆಫ್ರಿಕದ್ದು, ಕಾಫಿ ಇಥಿಯೋಪಿಯದ ಕಾಡಿನದು. ಹುಣಿಸೆಯ ತವರೂ ಆ ಖಂಡವೇ. ಅರಬ್ಬರು ಅದನ್ನು ‘ತಮರ್ ಹಿಂದಿ’, ಎಂದರೆ ಹಿಂದೂದೇಶದ ಖರ್ಜೂರ, ಎಂದು ಕರೆದರು. ಹೆಸರಿನಲ್ಲಿ ನಮ್ಮ ದೇಶ ಉಳಿಯಿತು, ಬೀಜ ಕೊಟ್ಟ ದೇಶ ಮರೆತುಹೋಯಿತು.

ಈ ಮರೆವು ಹುಣಿಸೆಯೊಂದಕ್ಕೇ ಸೀಮಿತವಾಗಿದ್ದರೆ ಇಷ್ಟು ಹೇಳಬೇಕಾದ ಕಾರಣವಿರಲಿಲ್ಲ. ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ಬಡವರ ಧಾನ್ಯವಾದ ರಾಗಿಯನ್ನು ಶ್ರೀರಾಮನ ಸಭೆಗೆ ಕರೆತಂದು ಅದಕ್ಕೆ ಮನ್ನಣೆಯನ್ನು ದೊರಕಿಸಿದರು, ಆದರೆ ಆ ರಾಗಿಯನ್ನು ಲೋಕಕ್ಕೆ ಕೊಟ್ಟ ಜನಕ್ಕೆ ನಮ್ಮ ವಿದ್ಯಾಶಾಲೆಗಳಲ್ಲಿ ಇಂದಿಗೂ ಸಲ್ಲತಕ್ಕ ಮನ್ನಣೆ ಸಂದಿಲ್ಲ. ಹತ್ತು ವರ್ಷ ಓದಿ ಹೊರಬೀಳುವ ನಮ್ಮ ಹುಡುಗನನ್ನೋ ಹುಡುಗಿಯನ್ನೋ ನಿಲ್ಲಿಸಿ ಆಫ್ರಿಕದ ವಿಷಯವಾಗಿ ನೀನು ಏನು ಬಲ್ಲೆಯೆಂದು ಕೇಳಿದರೆ, ಸಹಾರ ಮರುಭೂಮಿಯೂ ನೈಲ್ ನದಿಯೂ ಸಿಂಹ ಜಿರಾಫೆಗಳೂ ಬಾಯಿಗೆ ಬರುತ್ತವೆ. ಬಳಿಕ ಗುಲಾಮಗಿರಿಯ ಮಾತು. ಬಳಿಕ 1893ರಲ್ಲಿ ಗಾಂಧೀಜಿಯವರನ್ನು ಪೀಟರ್‌ಮ್ಯಾರಿಟ್ಸ್‌ಬರ್ಗಿನ ನಿಲ್ದಾಣದಲ್ಲಿ ರೈಲಿನಿಂದ ಇಳಿಸಿದ ಪ್ರಸಂಗ. ಕಡೆಗೆ ನೆಲ್ಸನ್ ಮಂಡೇಲರ ಹೆಸರು. ಈಜಿಪ್ಟಿನ ಪಿರಮಿಡ್ಡುಗಳನ್ನು ಆ ಮಗು ಬಲ್ಲದು, ಆದರೆ ಈಜಿಪ್ಟು ಆಫ್ರಿಕದಲ್ಲಿದೆಯೆಂಬುದನ್ನು ಭೂಪಟ ನೋಡಿ ಹೇಳುತ್ತದೆಯೇ ಹೊರತು ಚರಿತ್ರೆಯಿಂದ ಅರಿತು ಹೇಳುವುದಿಲ್ಲ. ಆ ಖಂಡದ ಒಬ್ಬ ಅರಸನ, ಒಬ್ಬ ಪಂಡಿತನ, ಒಂದು ಪಟ್ಟಣದ ಹೆಸರನ್ನು ಹೇಳೆಂದರೆ ಮೌನವೇ ಉತ್ತರ. ಮೃಗಗಳನ್ನು ಬಲ್ಲೆವು, ಮನುಷ್ಯರನ್ನು ಅರಿಯದಾದೆವು. ಈ ಕೊರತೆಯನ್ನು ನಮ್ಮ ಪಠ್ಯಕ್ರಮದಿಂದ ನೀಗಿಸತಕ್ಕದ್ದೆಂಬುದೇ ಈ ಲೇಖನದ ಅರಿಕೆ.

‘ಕಗ್ಗತ್ತಲೆಯ ಖಂಡ’ ಎಂಬ ಮಾತು ಕನ್ನಡದಲ್ಲಿ ಎಷ್ಟೋ ಕಾಲದಿಂದ ಬಳಕೆಯಲ್ಲಿದೆ. ಅದು ಕನ್ನಡದ ನುಡಿಯೆಂದೇ ನಮ್ಮಲ್ಲಿ ಹಲವರ ನಂಬಿಕೆ. ವಾಸ್ತವವಾಗಿ ಅದು ಎರವಲಿನ ಮಾತು. ಸ್ಟಾನ್ಲಿಯೆಂಬ ಪ್ರವಾಸಿ 1878ರಲ್ಲಿ ಪ್ರಕಟಿಸಿದ ತನ್ನ ಗ್ರಂಥದ ಹೆಸರಿನಲ್ಲೇ ಆಫ್ರಿಕವನ್ನು ಕತ್ತಲೆಯ ಖಂಡವೆಂದು ಕರೆದನು. ಅವನಿಗೆ ಹಾದಿ ತಿಳಿಯದಿದ್ದುದೇ ಆ ನಾಡಿನ ಲಕ್ಷಣವಾಗಿ ಲೋಕದಲ್ಲೆಲ್ಲ ಹಬ್ಬಿತು. ಅದಕ್ಕೂ ಮೊದಲು ಜರ್ಮನಿಯ ತತ್ತ್ವಜ್ಞಾನಿ ಹೆಗೆಲನು ಚರಿತ್ರೆಯ ತತ್ತ್ವವನ್ನು ಕುರಿತ ತನ್ನ ಉಪನ್ಯಾಸಗಳಲ್ಲಿ, ಆಫ್ರಿಕ ಚರಿತ್ರೆಯಿಲ್ಲದ ಭೂಭಾಗವೆಂದು ಹೇಳಿ ಅದನ್ನು ಬದಿಗಿರಿಸಿ ಮುಂದೆ ನಡೆದಿದ್ದನು. ಇದು ಹಳೆಯ ಕಾಲದ ಅಜ್ಞಾನವೆಂದು ಕ್ಷಮಿಸೋಣವೆಂದರೆ, 1963ರಷ್ಟು ಈಚೆಗೆ ಆಕ್ಸ್‌ಫರ್ಡಿನ ಚರಿತ್ರೆಯ ಪ್ರಾಧ್ಯಾಪಕರಾದ ಟ್ರೆವರ್-ರೋಪರ್ ಎಂಬವರು, ಆಫ್ರಿಕದಲ್ಲಿ ಐರೋಪ್ಯರು ನಡೆಸಿದ್ದಷ್ಟೇ ಚರಿತ್ರೆ, ಮಿಕ್ಕದ್ದೆಲ್ಲ ಕತ್ತಲೆ ಎಂಬ ಅರ್ಥದ ಮಾತನ್ನು ಬಹಿರಂಗವಾಗಿ ಆಡಿದರು.

ಈ ತೀರ್ಪನ್ನು ಕೇಳಿದಾಗ ಭಾರತೀಯನಾದವನಿಗೆ ತಟ್ಟನೆ ಒಂದು ನೆನಪು ಬರತಕ್ಕದ್ದು. 1817ರಲ್ಲಿ ಜೇಮ್ಸ್ ಮಿಲ್ ಎಂಬಾತನು ಭಾರತದಲ್ಲಿ ಕಾಲಿರಿಸದೆ, ಇಲ್ಲಿಯ ಒಂದು ಭಾಷೆಯನ್ನೂ ಕಲಿಯದೆ, ನಮ್ಮ ದೇಶದ ಚರಿತ್ರೆಯನ್ನು ಸಂಪುಟಗಟ್ಟಲೆ ಬರೆದು ನಮ್ಮನ್ನು ಅನಾಗರಿಕರೆಂದು ತೀರ್ಮಾನಿಸಿದನು. ಹೆಗೆಲನೂ ಭಾರತೀಯರಿಗೆ ಚರಿತ್ರೆಯ ಪ್ರಜ್ಞೆಯಿಲ್ಲವೆಂದು ಹೇಳಿದವನೇ. ಹಾಗಾದರೆ ಒಂದೇ ನ್ಯಾಯಸ್ಥಾನ, ಸಾಕ್ಷಿಗಳನ್ನು ವಿಚಾರಿಸದೆ, ಎರಡು ಖಂಡಗಳ ಜನರ ಮೇಲೆ ಎರಡು ತೀರ್ಪುಗಳನ್ನು ಕೊಟ್ಟಿತೆಂದಾಯಿತು. ನಮ್ಮ ಮೇಲಿನ ತೀರ್ಪನ್ನು ನಾವು ಒಪ್ಪಲಿಲ್ಲ. ಶಾಸನಗಳನ್ನು ಓದಿಸಿದೆವು, ತಾಳೆಗರಿಗಳನ್ನು ಅಟ್ಟದಿಂದ ಇಳಿಸಿದೆವು. ಆಲೂರು ವೆಂಕಟರಾಯರು 1917ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಬರೆದು, ತನ್ನ ಹಿರಿಮೆಯನ್ನು ತಾನೇ ಮರೆತಿದ್ದ ಜನಕ್ಕೆ ಬೆನ್ನು ನೇರ ಮಾಡಿ ನಿಲ್ಲುವುದನ್ನು ಕಲಿಸಿದರು. ಆದರೆ ಆಫ್ರಿಕದವರ ಮೇಲಣ ತೀರ್ಪನ್ನು ಮಾತ್ರ, ಅದೂ ಅದೇ ಲೇಖನಿಯಿಂದ ಹೊರಟದ್ದೆಂಬುದನ್ನು ಲಕ್ಷಿಸದೆ, ನಾವು ಹಾಗೆಯೇ ಇರಿಸಿಕೊಂಡು ನಮ್ಮ ಮಕ್ಕಳಿಗೆ ದಾಟಿಸುತ್ತಿದ್ದೇವೆ. ತನಗಾದ ಅನ್ಯಾಯವನ್ನು ಅನ್ಯಾಯವೆಂದು ಕಂಡವನು, ಅದೇ ಅನ್ಯಾಯ ನೆರೆಯವನಿಗೆ ಆದಾಗ ಅದನ್ನು ವಿದ್ಯೆಯೆಂದು ಭಾವಿಸುವುದು ಧರ್ಮವಲ್ಲ.

ಆಫ್ರಿಕದ ವಿದ್ವಾಂಸರು ಸುಮ್ಮನೆ ಕುಳಿತವರಲ್ಲ. ಆಲೂರರು ಕನ್ನಡಕ್ಕೆ ಮಾಡಿದ ಕೆಲಸವನ್ನು ಒಂದು ಇಡಿಯ ಖಂಡಕ್ಕೆ ಮಾಡುವ ಸಂಕಲ್ಪ 1964ರಲ್ಲಿ ಯುನೆಸ್ಕೋ ಸಂಸ್ಥೆಯ ಆಶ್ರಯದಲ್ಲಿ ಹುಟ್ಟಿತು. ಬುರ್ಕಿನಾ ಫಾಸೋದ ಜೋಸೆಫ್ ಕಿ-ಜೆರ್ಬೋ, ಕೀನ್ಯದ ಬೆತ್‌ವೆಲ್ ಒಗೋಟ್, ನೈಜೀರಿಯದ ಅಜಾಯಿ, ಘಾನದ ಅಡು ಬೋಹೆನ್ ಮೊದಲಾದವರು ಸಂಪಾದಕರಾಗಿ, ಇನ್ನೂರಕ್ಕೂ ಮಿಗಿಲಾದ ತಜ್ಞರು ಕಲೆತು ದುಡಿದುದರ ಫಲವಾಗಿ, ‘ಆಫ್ರಿಕದ ಸಾಮಾನ್ಯ ಚರಿತ್ರೆ’ಯ ಎಂಟು ಬೃಹತ್ಸಂಪುಟಗಳು 1981ರಿಂದ ಮೊದಲಾಗಿ ಹೊರಬಂದವು. ಗ್ರಂಥ ಮುಗಿದರೂ ಕೆಲಸ ಮುಗಿಯಲಿಲ್ಲ. ವಿದ್ವಾಂಸರ ಕಪಾಟಿನಲ್ಲಿರುವ ಚರಿತ್ರೆ ಮಗುವಿನ ಕೈಚೀಲಕ್ಕೆ ಬರಬೇಕೆಂದು ಬಗೆದು, 2009ರಲ್ಲಿ ಅದನ್ನು ಶಾಲೆಗಳ ಪಾಠಕ್ಕೆ ಇಳಿಸುವ ಎರಡನೆಯ ಘಟ್ಟವನ್ನು ಅದೇ ಸಂಸ್ಥೆ ಆರಂಭಿಸಿತು. ಅಮೆರಿಕದಲ್ಲಿಯೂ ಕಾರ್ಟರ್ ವುಡ್ಸನ್ ಎಂಬ ಚರಿತ್ರಕಾರರು, ಗುಲಾಮರಾಗಿದ್ದವರ ಮಗನಾಗಿ ಹುಟ್ಟಿ ಹಾರ್ವರ್ಡಿನಲ್ಲಿ ಪಂಡಿತ ಪದವಿ ಪಡೆದವರು, 1926ರ ಫೆಬ್ರವರಿಯಲ್ಲಿ ಕರಿಯರ ಚರಿತ್ರೆಗಾಗಿ ಶಾಲೆಗಳಲ್ಲಿ ಒಂದು ವಾರವನ್ನು ಮೀಸಲಿರಿಸುವ ಪದ್ಧತಿಯನ್ನು ತೊಡಗಿಸಿದರು. ಐವತ್ತು ವರ್ಷಗಳ ಮೇಲೆ ಆ ವಾರವೇ ಬೆಳೆದು ಒಂದು ತಿಂಗಳಾಯಿತು.

ಆಫ್ರಿಕದ ಚರಿತ್ರೆಯಲ್ಲಿ ಮಕ್ಕಳಿಗೆ ಹೇಳತಕ್ಕದ್ದು ಏನಿದೆಯೆಂದು ಕೇಳುವವರಿಗೆ ನಾನು ಮೊದಲು ತೋರಿಸುವುದು ಮಹಾ ಜಿಂಬಾಬ್ವೆಯನ್ನು. ಆಫ್ರಿಕದ ದಕ್ಷಿಣಭಾಗದಲ್ಲಿ, ಸುಮಾರು ಹನ್ನೊಂದನೆಯ ಶತಮಾನದಿಂದ ಹದಿನೈದನೆಯ ಶತಮಾನದವರೆಗೆ, ಶೋನಾ ಜನರ ಪೂರ್ವಿಕರು ಅಲ್ಲಿ ಒಂದು ರಾಜಧಾನಿಯನ್ನು ಕಟ್ಟಿದರು. ಅದರ ಮಹಾ ಆವರಣದ ಗೋಡೆ ಸುಮಾರು 250 ಮೀಟರು ಸುತ್ತಳತೆಯದು, ಕೆಲವು ಕಡೆ 11 ಮೀಟರು ಎತ್ತರ. ಗಾರೆಯಿಲ್ಲ, ಸುಣ್ಣವಿಲ್ಲ, ಕಣಶಿಲೆಯ ತುಂಡುಗಳನ್ನು ಒಂದರ ಮೇಲೊಂದು ಹೊಂದಿಸಿಟ್ಟ ಕೌಶಲವೊಂದೇ ಆ ಗೋಡೆಯನ್ನು ಇಂದಿಗೂ ನಿಲ್ಲಿಸಿದೆ. ಅಗೆದಾಗ ಅಲ್ಲಿ ಚೀನದ ಪಿಂಗಾಣಿಯ ಚೂರುಗಳೂ ಭಾರತದಿಂದ ಹೋದ ಗಾಜಿನ ಮಣಿಗಳೂ ದೊರೆತವು. 1871ರಲ್ಲಿ ಅಲ್ಲಿಗೆ ಬಂದ ಕಾರ್ಲ್ ಮೌಖ್ ಎಂಬ ಜರ್ಮನನು ಇದನ್ನು ಕರಿಯರು ಕಟ್ಟಿರಲಾರರೆಂದು ನಿರ್ಣಯಿಸಿ, ಬೈಬಲಿನ ಶೀಬಾ ರಾಣಿಯ ಕಥೆಗೆ ಅದನ್ನು ಗಂಟುಹಾಕಿದನು. 1905ರಲ್ಲಿ ರಾಂಡಲ್-ಮೆಕೈವರ್ ಎಂಬವರೂ, 1929ರಲ್ಲಿ ಗರ್ಟ್ರೂಡ್ ಕೇಟನ್-ಥಾಮ್ಸನ್ ಎಂಬ ವಿದುಷಿಯೂ ಶಾಸ್ತ್ರೀಯವಾಗಿ ಪರಿಶೋಧಿಸಿ ಇದು ಆಫ್ರಿಕದವರದೇ ನಿರ್ಮಾಣವೆಂದು ಸ್ಥಾಪಿಸಿದರು. ಆದರೂ ಆಗ ರೊಡೇಷಿಯ ಎನಿಸಿದ್ದ ಆ ದೇಶದ ಬಿಳಿಯರ ಸರ್ಕಾರಕ್ಕೆ ಆ ಸತ್ಯ ಸಹ್ಯವಾಗಲಿಲ್ಲ. ಅದನ್ನು ಮರೆಸಲೊಪ್ಪದ ಪೀಟರ್ ಗಾರ್ಲೇಕ್ ಎಂಬ ಪ್ರಾಕ್ತನಶಾಸ್ತ್ರಜ್ಞರು 1970ರಲ್ಲಿ ದೇಶವನ್ನೇ ಬಿಡಬೇಕಾಯಿತು. 1980ರಲ್ಲಿ ಸ್ವತಂತ್ರವಾದ ಆ ದೇಶ ತನಗೆ ಇಟ್ಟುಕೊಂಡ ಹೆಸರು ಆ ಕಲ್ಲುಗೋಡೆಗಳ ಹೆಸರೇ. ಅಲ್ಲಿ ದೊರೆತ ಕಲ್ಲಿನ ಹಕ್ಕಿಯೇ ಇಂದು ಅದರ ಧ್ವಜದ ಮೇಲಿದೆ. ಚರಿತ್ರೆಯೆಂದರೆ ಏನು, ಅದನ್ನು ಮರೆಮಾಡುವುದರಿಂದ ಯಾರಿಗೆ ಲಾಭ, ಸಾಕ್ಷ್ಯದ ಬಲವೆಂಥದು ಎಂಬ ಮೂರು ಪಾಠಗಳನ್ನೂ ಹೈಸ್ಕೂಲಿನ ಮಕ್ಕಳಿಗೆ ಒಂದೇ ಉದಾಹರಣೆಯಲ್ಲಿ ಕಲಿಸಬೇಕಾದರೆ ಇದಕ್ಕಿಂತ ಉತ್ತಮವಾದುದು ನನಗೆ ತೋರದು.

ಇಥಿಯೋಪಿಯದ ಅಕ್ಸುಮ್ ರಾಜ್ಯ ಇನ್ನೊಂದು. ಮೂರನೆಯ ಶತಮಾನದ ಪಾರಸೀಕ ಧರ್ಮಪ್ರವರ್ತಕ ಮಾನಿಯು ಜಗತ್ತಿನ ನಾಲ್ಕು ಮಹಾರಾಜ್ಯಗಳನ್ನು ಎಣಿಸುವಾಗ ಪಾರಸೀಕ, ರೋಮ, ಚೀನಗಳ ಜೊತೆಗೆ ಅಕ್ಸುಮನ್ನು ಹೆಸರಿಸಿದ್ದಾನೆ. ನಾಲ್ಕನೆಯ ಶತಮಾನದಲ್ಲಿ ಅಲ್ಲಿ ಆಳಿದ ಎಜಾನನು ಚಿನ್ನದ ನಾಣ್ಯಗಳನ್ನು ಅಚ್ಚುಹಾಕಿಸಿದನು, ಗೀಜ್ ಗ್ರೀಕ್ ಭಾಷೆಗಳಲ್ಲಿ ಶಾಸನಗಳನ್ನು ಕೊರೆಯಿಸಿದನು. ಆ ದೇಶದ ದೆಬ್ರೆ ದಾಮೋ ಎಂಬ ಬೆಟ್ಟದ ಮಠದಲ್ಲಿ ನಮ್ಮ ಕುಷಾಣರ ಚಿನ್ನದ ನಾಣ್ಯಗಳು ನೂರಕ್ಕೂ ಮಿಗಿಲಾಗಿ ದೊರೆತವೆಂದರೆ ಈ ಎರಡು ತೀರಗಳ ನಡುವಣ ಕೊಳುಕೊಡೆ ಎಷ್ಟು ಹಳೆಯದೆಂಬುದನ್ನು ಊಹಿಸಬಹುದು. ಅದೇ ನಾಡಿನ ಲಾಲಿಬೆಲದಲ್ಲಿ ಬಂಡೆಯಲ್ಲೇ ಕಡೆದ ಹನ್ನೊಂದು ಇಗರ್ಜಿಗಳಿವೆ. ಅವುಗಳಲ್ಲಿ ಸಂತ ಜಾರ್ಜನ ಇಗರ್ಜಿಯನ್ನು ಶಿಖರದಿಂದ ಬುಡದ ಕಡೆಗೆ ಕೆಳಮುಖವಾಗಿ ಕೊರೆಯುತ್ತ ಹೋಗಿದ್ದಾರೆ. ರಾಷ್ಟ್ರಕೂಟ ಕೃಷ್ಣನ ಕಾಲದ ಶಿಲ್ಪಿಗಳು ಎಲ್ಲೋರದಲ್ಲಿ ಕೈಲಾಸನಾಥನಿಗೆ ಬಂಡೆಯನ್ನೇ ಗುಡಿಯಾಗಿಸಿದ ಬಗೆಯನ್ನು ಬಲ್ಲ ಕನ್ನಡದ ಮಗುವಿಗೆ, ನಾಲ್ಕಾರು ಶತಮಾನಗಳ ಮೇಲೆ ಸಮುದ್ರದಾಚೆ ಬೇರೊಂದು ದೇವರಿಗಾಗಿ ಬೇರೊಂದು ಜನ ಅದೇ ಸಾಹಸವನ್ನು ಮಾಡಿದರೆಂದು ತೋರಿಸಿಕೊಟ್ಟರೆ ಆ ಮಗು ತಾನಾಗಿಯೇ ಅವರನ್ನು ಬಂಧುಗಳೆಂದು ತಿಳಿಯುತ್ತದೆ.

ಪಶ್ಚಿಮಕ್ಕೆ ಹೋದರೆ ಮಾಲಿ ಸಾಮ್ರಾಜ್ಯವಿದೆ. ಅದರ ಅರಸ ಮನ್ಸಾ ಮೂಸಾ 1324ರಲ್ಲಿ ಮಕ್ಕೆಗೆ ಯಾತ್ರೆ ಹೊರಟು ಕೈರೋ ನಗರದಲ್ಲಿ ತಂಗಿದಾಗ ಅವನು ದಾನವಾಗಿ ವ್ಯಯಮಾಡಿದ ಚಿನ್ನದಿಂದ ಅಲ್ಲಿಯ ಪೇಟೆಯಲ್ಲಿ ಚಿನ್ನದ ಬೆಲೆಯೇ ಇಳಿದುಹೋಯಿತೆಂದೂ, ಹತ್ತಾರು ವರ್ಷಗಳ ಮೇಲೂ ಜನ ಅದನ್ನೇ ಆಡಿಕೊಳ್ಳುತ್ತಿದ್ದರೆಂದೂ ಅರಬ್ಬಿ ಚರಿತ್ರಕಾರ ಅಲ್-ಉಮರಿ ಬರೆದಿಟ್ಟಿದ್ದಾನೆ. ಚಿನ್ನಕ್ಕಿಂತ ಹೆಚ್ಚಿನ ಸಂಪತ್ತು ಟಿಂಬಕ್ಟುವಿನಲ್ಲಿತ್ತು. ಹದಿನಾರನೆಯ ಶತಮಾನದಲ್ಲಿ ಆ ಪಟ್ಟಣದ ಸಂಕೋರೆ ಮಸೀದಿಯ ಸುತ್ತ ಬೆಳೆದ ವಿದ್ಯಾಕೇಂದ್ರದ ಪಂಡಿತ ಅಹ್ಮದ್ ಬಾಬಾ, ಮೊರಾಕ್ಕೋದವರು ತನ್ನನ್ನು ಸೆರೆಹಿಡಿದು ಒಯ್ದಾಗ, ತನ್ನ 1,600 ಗ್ರಂಥಗಳು ಹೋದವೆಂದೂ, ತನ್ನ ಬಂಧುಗಳ ಪೈಕಿ ತನ್ನದೇ ಅತ್ಯಂತ ಸಣ್ಣ ಪುಸ್ತಕಭಂಡಾರವೆಂದೂ ಹೇಳಿಕೊಂಡನು. ಅಂಥ ಗ್ರಂಥಗಳನ್ನು ಆ ಊರಿನ ಕುಟುಂಬಗಳು ತಲೆಮಾರುಗಳಿಂದ ಕಾಪಾಡಿಕೊಂಡು ಬಂದು, 2012ರಲ್ಲಿ ಮತಾಂಧರ ದಾಳಿಯಾದಾಗ ಲೋಹದ ಪೆಟ್ಟಿಗೆಗಳಲ್ಲಿ ತುಂಬಿ, ರಾತ್ರಿಯಲ್ಲಿ ಕತ್ತೆಗಳ ಮೇಲೂ ದೋಣಿಗಳಲ್ಲೂ ಸಾಗಿಸಿ ಬಮಾಕೋ ನಗರಕ್ಕೆ ಮುಟ್ಟಿಸಿದವು. ತಾಳೆಗರಿಯ ಕಟ್ಟುಗಳನ್ನು ಒಲೆಯ ಹೊಗೆಯಿಂದಲೂ ಗೆದ್ದಲಿನಿಂದಲೂ ಉಳಿಸಿಕೊಟ್ಟ ಮನೆತನಗಳ ಋಣವನ್ನು ಬಲ್ಲ ನಾಡು ನಮ್ಮದು. ಈ ಕಥೆಯ ಬೆಲೆ ನಮಗೆ ತಿಳಿಯದೆ ಹೋಗದು.

ಬರಹವಿಲ್ಲದಲ್ಲಿ ಚರಿತ್ರೆಯಿಲ್ಲವೆಂಬ ವಾದವೂ ನಮ್ಮ ಮುಂದೆ ನಿಲ್ಲಲಾರದು. ಮಾಲಿಯ ಸ್ಥಾಪಕನಾದ ಸುಂಡಿಯಾತನ ಕಥೆಯನ್ನು ಹದಿಮೂರನೆಯ ಶತಮಾನದಿಂದ ಗ್ರಿಯೋಗಳೆಂಬ ವಂಶಪಾರಂಪರ್ಯದ ಹಾಡುಗಾರರು ನಾಲಗೆಯ ಮೇಲೆ ಉಳಿಸಿಕೊಂಡು ಬಂದರು; ಜಿಬ್ರಿಲ್ ತಮ್ಸಿರ್ ನಿಯಾನೆ ಎಂಬ ಚರಿತ್ರಕಾರರು ಅದನ್ನು ಗ್ರಿಯೋ ಒಬ್ಬನ ಬಾಯಿಂದ ಕೇಳಿ 1960ರಲ್ಲಿ ಗ್ರಂಥರೂಪಕ್ಕೆ ತಂದರು. ಮಂಟೇಸ್ವಾಮಿಯ ಕಥೆಯನ್ನು ನೀಲಗಾರರೂ, ಮಾದೇಶ್ವರನ ಕಥೆಯನ್ನು ದೇವರಗುಡ್ಡರೂ ರಾತ್ರಿಯಿಡೀ ಹಾಡುವುದನ್ನು ಕೇಳಿ, ಅದನ್ನು ಮಹಾಕಾವ್ಯವೆಂದು ಮನ್ನಿಸಿದ ಕನ್ನಡ ವಿದ್ವಲ್ಲೋಕಕ್ಕೆ ಗ್ರಿಯೋವಿನ ವಿದ್ಯೆ ಅಪರಿಚಿತವಾದುದಲ್ಲ.

ಆ ಖಂಡದ ಪೂರ್ವತೀರವಂತೂ ನಮ್ಮ ಅಂಗಳವೇ. ಮಳೆಗಾಲದ ಗಾಳಿ ಒಂದು ಋತುವಿನಲ್ಲಿ ಹಡಗುಗಳನ್ನು ಅತ್ತ ಒಯ್ದು ಮತ್ತೊಂದು ಋತುವಿನಲ್ಲಿ ಇತ್ತ ತರುತ್ತಿದ್ದ ಕಾಲದಲ್ಲಿ ಕಿಲ್ವಾ, ಮೊಂಬಾಸ, ಮಲಿಂದಿ ಮೊದಲಾದ ಸ್ವಾಹಿಲಿ ಪಟ್ಟಣಗಳಲ್ಲಿ ಗುಜರಾತಿನ ಬಟ್ಟೆಯೂ ದಂತವೂ ಚಿನ್ನವೂ ಕೈಬದಲಾಗುತ್ತಿದ್ದವು. 1331ರಲ್ಲಿ ಕಿಲ್ವಾವನ್ನು ಕಂಡ ಪ್ರವಾಸಿ ಇಬ್ನ್ ಬತೂತ ಅದನ್ನು ಜಗತ್ತಿನ ಸೊಬಗಿನ ಊರುಗಳಲ್ಲಿ ಒಂದೆಂದು ಎಣಿಸಿದನು. 1505ರಲ್ಲಿ ಪೋರ್ಚುಗೀಸರು ಅದನ್ನು ಸೂರೆಗೊಂಡರು. ವಾಸ್ಕೋ ಡ ಗಾಮನು ಕಲ್ಲಿಕೋಟೆಗೆ ಬಂದುದನ್ನು ನಮ್ಮ ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ. ಅವನಿಗೆ ಹಾದಿ ತೋರುವ ನಾವಿಕ ದೊರೆತದ್ದು ಆಫ್ರಿಕದ ಮಲಿಂದಿಯಲ್ಲಿ ಎಂಬುದನ್ನೂ ಅದೇ ಪಾಠದಲ್ಲಿ ಒಂದು ವಾಕ್ಯವಾಗಿ ಸೇರಿಸಲಡ್ಡಿಯೇನು? ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ದೊರೆತ ಗ್ರೀಕ್ ಪ್ರಹಸನದ ಪಪೈರಸ್ ಹಾಳೆಯಲ್ಲಿ ಕನ್ನಡದ ಮಾತುಗಳಿವೆಯೆಂದು ಶಾಮಶಾಸ್ತ್ರಿಗಳೂ ಗೋವಿಂದ ಪೈಗಳೂ ವಾದಿಸಿದರು. ವಿದ್ವಾಂಸರಲ್ಲಿ ಆ ವಿಷಯಕ್ಕೆ ಭಿನ್ನಾಭಿಪ್ರಾಯವುಂಟು. ಆದರೆ ಕನ್ನಡದ ಹಳಮೆಯನ್ನು ಅರಸುತ್ತ ನಮ್ಮ ಹಿರಿಯರು ಆಫ್ರಿಕದ ಮರಳಿನವರೆಗೆ ಹೋದರೆಂಬುದು ನಿಶ್ಚಯ.

ಗುಲಾಮಗಿರಿಯ ಕಥೆಯನ್ನು ಹೇಳಬೇಡವೆಂದು ನನ್ನ ಅಭಿಪ್ರಾಯವಲ್ಲ. ಅದನ್ನು ಹೇಳದಿರುವುದು ಮಹಾಪರಾಧ. ಹದಿನಾರನೆಯ ಶತಮಾನದಿಂದ ಹತ್ತೊಂಬತ್ತನೆಯ ಶತಮಾನದವರೆಗೆ ಅಟ್ಲಾಂಟಿಕ್ ಸಾಗರದ ಹಡಗುಗಳಲ್ಲಿ ತುಂಬಲ್ಪಟ್ಟ ಆಫ್ರಿಕದವರ ಸಂಖ್ಯೆ ಸುಮಾರು 1 ಕೋಟಿ 25 ಲಕ್ಷ. ಆ ಪಯಣದಲ್ಲೇ ಪ್ರಾಣಬಿಟ್ಟವರು ಸುಮಾರು 18 ಲಕ್ಷ. 1884-85ರ ಬರ್ಲಿನ್ ಸಮ್ಮೇಳನದಲ್ಲಿ ಆಫ್ರಿಕದವನೊಬ್ಬನೂ ಇಲ್ಲದ ಮೇಜಿನ ಸುತ್ತ ಆಫ್ರಿಕವನ್ನು ಹಂಚಿಕೊಳ್ಳುವ ಕಟ್ಟಳೆಗಳು ತಯಾರಾದವು; 1897ರಲ್ಲಿ ಬ್ರಿಟಿಷರ ಸೇನೆ ಬೆನಿನ್ ನಗರವನ್ನು ಸುಟ್ಟು, ಅಲ್ಲಿಯ ಎರಕದ ಶಿಲ್ಪಗಳನ್ನು ಸಾವಿರಗಟ್ಟಲೆ ಕೊಳ್ಳೆಹೊಡೆಯಿತು. ಇವೆಲ್ಲವನ್ನೂ ಮಕ್ಕಳು ತಿಳಿಯತಕ್ಕದ್ದು. ಆದರೆ ಒಂದು ಜನದ ಕಥೆಯನ್ನು ಸಂಕೋಲೆಯಿಂದಲೇ ಮೊದಲುಮಾಡಿದರೆ ಮಗುವಿನ ಮನಸ್ಸಿನಲ್ಲಿ ನಿಲ್ಲುವುದು ಸಂಕೋಲೆ, ಮನುಷ್ಯನಲ್ಲ. ಶಿಲ್ಪಿಯನ್ನು ಮೊದಲು ಕಂಡ ಮಗುವಿಗೇ ಕೊಳ್ಳೆಯ ಅರ್ಥ ತಿಳಿಯುವುದು. 1896ರ ಮಾರ್ಚ್ 1ರಂದು ಅದ್ವಾ ಎಂಬಲ್ಲಿ ಇಥಿಯೋಪಿಯದ ಚಕ್ರವರ್ತಿ ಮೆನೆಲಿಕನೂ ರಾಣಿ ತಾಯ್ತುವೂ ಇಟಲಿಯ ಸೇನೆಯನ್ನು ಸೋಲಿಸಿ ಅಟ್ಟಿದರೆಂಬುದನ್ನು ಅದರ ಪಕ್ಕದಲ್ಲಿಯೇ ಓದಿದ ಮಗು ಆ ಜನರನ್ನು ಕನಿಕರದಿಂದಲ್ಲ, ಗೌರವದಿಂದ ನೋಡುತ್ತದೆ.

ಇನ್ನು ನಮ್ಮ ನೆಲಕ್ಕೇ ಬರೋಣ. 1580ರಲ್ಲಿ ಒಂಬತ್ತು ವರ್ಷದ ಬಾಲಕನಾಗಿ ಬಿಜಾಪುರದ ಗದ್ದುಗೆಯೇರಿದ ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಹೆಸರಿನಲ್ಲಿ ರಾಜ್ಯಭಾರವನ್ನು ನಿರ್ವಹಿಸಿದವರಲ್ಲಿ ಇಖ್ಲಾಸ್ ಖಾನ್, ದಿಲಾವರ್ ಖಾನ್ ಮೊದಲಾದವರು ಹಬ್ಶಿಗಳು, ಎಂದರೆ ಅಬಿಸೀನಿಯ (ಇಂದಿನ ಇಥಿಯೋಪಿಯ) ಮೂಲದವರು. ಗೋಳಗುಮ್ಮಟದಲ್ಲಿ ಮಲಗಿರುವ ಮುಹಮ್ಮದ್ ಆದಿಲ್ ಶಾಹನ ಪ್ರಬಲ ಮಂತ್ರಿಯಾಗಿದ್ದ ಇನ್ನೊಬ್ಬ ಇಖ್ಲಾಸ್ ಖಾನನೂ ಹಬ್ಶಿಯೇ. ಇಥಿಯೋಪಿಯದಲ್ಲಿ ಹುಟ್ಟಿ, ಬಾಲ್ಯದಲ್ಲೇ ಮಾರಲ್ಪಟ್ಟು, ಒಡೆಯನಿಂದ ಒಡೆಯನಿಗೆ ಕೈದಾಟಿ ದಖ್ಖನಿಗೆ ಬಂದ ಮಲಿಕ್ ಅಂಬರನು ಅಹಮದ್‌ನಗರ ರಾಜ್ಯದ ಸೂತ್ರಧಾರನಾಗಿ, 1626ರಲ್ಲಿ ಕಾಲವಾಗುವವರೆಗೂ ಮೊಗಲರನ್ನು ತಡೆದು ನಿಲ್ಲಿಸಿದನು. 1624ರಲ್ಲಿ ಭಾತವಡಿಯ ಯುದ್ಧದಲ್ಲಿ ಮೊಗಲರ ಮತ್ತು ಬಿಜಾಪುರದ ಕೂಡುಸೇನೆಯನ್ನು ಮುರಿದನು. ಅವನು ಕಟ್ಟಿಸಿದ ಖಡ್ಕಿಯೇ ಮುಂದೆ ಔರಂಗಾಬಾದಾಯಿತು. ಅಲ್ಲಿ ಅವನು ನೆಲದಡಿಯಲ್ಲಿ ಹರಿಯಿಸಿದ ನೀರಿನ ಕಾಲುವೆಗೆ ಅವನ ಹೆಸರು ಇಂದಿಗೂ ಇದೆ. ದಖ್ಖನಿನ ಚರಿತ್ರೆಯ ಪಾಠದಲ್ಲಿ ಇವರ ಹೆಸರು ಬಂದರೂ ಇವರ ತವರಿನ ಮಾತು ಬಾರದಿದ್ದರೆ, ಪಾಠ ಅರ್ಧವಾಯಿತೆಂದೇ ತಿಳಿಯಬೇಕು.

ಅರಮನೆಗೆ ಏರಿದವರು ಕೆಲವರು. ಅಡವಿಗೆ ಓಡಿದವರು ಹಲವರು. ಪೋರ್ಚುಗೀಸರು ಗೋವೆಗೆ ಗುಲಾಮರನ್ನಾಗಿ ತಂದವರಲ್ಲಿ ಎಷ್ಟೋ ಮಂದಿ ತಪ್ಪಿಸಿಕೊಂಡು ಘಟ್ಟದ ಕಾಡುಗಳನ್ನು ಸೇರಿ, ಯಲ್ಲಾಪುರ, ಹಳಿಯಾಳ, ಅಂಕೋಲೆ, ಮುಂಡಗೋಡು, ಜೋಯಿಡಾ ಸೀಮೆಗಳಲ್ಲಿ ನೆಲಸಿದರು. ಇಂದಿನ ಸಿದ್ದಿಗಳು ಅವರ ಸಂತಾನ. ಅವರಲ್ಲಿ ಹಿಂದುಗಳುಂಟು, ಮುಸಲ್ಮಾನರುಂಟು, ಕ್ರೈಸ್ತರುಂಟು. ಅವರಾಡುವ ಮಾತು ಕೊಂಕಣಿ, ಕನ್ನಡ, ಮರಾಠಿ, ಉರ್ದು. ಅವರ ಡಮಾಮಿಯೆಂಬ ವಾದ್ಯದ ಬಡಿತದಲ್ಲಿಯೂ, ಹಳೆಯ ಬಟ್ಟೆಯ ತುಂಡುಗಳನ್ನು ಬಣ್ಣಕ್ಕೆ ಬಣ್ಣ ಹೊಂದಿಸಿ ಅವರ ಹೆಂಗಸರು ಹೊಲಿಯುವ ಕೌದಿಗಳಲ್ಲಿಯೂ ಒಂದು ದೀರ್ಘವಾದ ನೆನಪು ಅಡಗಿದೆ. 2003ರಲ್ಲಿ ಸರ್ಕಾರ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿತು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನಪರಿಷತ್ತಿಗೆ ನಾಮಕರಣಗೊಂಡು, ನಮ್ಮ ಶಾಸನಸಭೆಯಲ್ಲಿ ಕುಳಿತ ಮೊದಲ ಸಿದ್ದಿಯಾದರು. ಹೀಗಿರಲು, ಯಲ್ಲಾಪುರದ ಶಾಲೆಯಲ್ಲಿ ಕುಳಿತ ಸಿದ್ದಿ ಮಗುವಿಗೆ ತನ್ನ ಹಿರಿಯರ ನಾಡು ಪಾಠಪುಸ್ತಕದಲ್ಲಿ ಸಿಂಹಗಳ ಬೀಡಾಗಿಯೂ ಗುಲಾಮರ ಸಂತೆಯಾಗಿಯೂ ಮಾತ್ರ ಕಾಣಿಸಿದರೆ, ಆ ಮಗುವಿನ ಅಂತರಂಗದಲ್ಲಿ ಏನಾಗುವುದೆಂಬುದನ್ನು ಪಠ್ಯರಚನೆ ಮಾಡುವವರು ಎದೆಯ ಮೇಲೆ ಕೈಯಿಟ್ಟು ಯೋಚಿಸಲಿ.

ಕಲಿಯದಿರುವುದರ ಫಲ ಆ ಮಗುವೊಂದಕ್ಕೇ ಅಲ್ಲ. 2016ರ ಜನವರಿಯಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಸೂಡಾನಿನವನೊಬ್ಬನ ಕಾರು ಬಡಿದು ಮಹಿಳೆಯೊಬ್ಬರು ಮೃತರಾದರು. ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ಬಂದ, ಆ ಅಪಘಾತಕ್ಕೆ ಏನೊಂದೂ ಸಂಬಂಧವಿಲ್ಲದ, ತಾಂಜಾನಿಯದ ವಿದ್ಯಾರ್ಥಿನಿಯೊಬ್ಬಳನ್ನು ಜನರ ಗುಂಪು ಕಾರಿನಿಂದ ಎಳೆದು ಹೊಡೆಯಿತು. ಸೂಡಾನಿಗೂ ತಾಂಜಾನಿಯಕ್ಕೂ ನಡುವೆ ಇರುವ ದೂರ, ಆ ಎರಡು ದೇಶಗಳ ಬೇರೆಬೇರೆ ಭಾಷೆ, ಬಾಳು, ಚರಿತ್ರೆ, ಯಾವುದೂ ಆ ಗುಂಪಿನ ಕಣ್ಣಿಗೆ ಬೀಳಲಿಲ್ಲ, ಕಂಡದ್ದು ಮೈಬಣ್ಣವೊಂದೇ. ಚರಿತ್ರೆಯ ಒಂದು ಪಾಠದಿಂದ ಗುಂಪಿನ ಕ್ರೌರ್ಯ ಮಾಯವಾಗುವುದೆಂದು ನಾನು ಹೇಳಲಾರೆ. ಆದರೆ ಒಂದು ಖಂಡದ ಕೋಟ್ಯಂತರ ಜನರನ್ನು ಒಂದೇ ಮುಖವಾಗಿ ಕಾಣುವ ಕುರುಡು, ಅವರನ್ನು ಹೆಸರು ಹಿಡಿದು ಅರಿಯದ ಅಜ್ಞಾನದಲ್ಲಿಯೇ ಬೇರೂರುತ್ತದೆಂಬುದರಲ್ಲಿ ನನಗೆ ಸಂಶಯವಿಲ್ಲ.

ಆಫ್ರಿಕದ ಚರಿತ್ರೆಯನ್ನು ಕಲಿಸಬೇಕೆಂಬ ಈ ಅರಿಕೆಗೆ ಎರಡು ಆಕ್ಷೇಪಣೆಗಳು ಬರಬಹುದು. ಮೊದಲನೆಯದು, ಮಕ್ಕಳ ಪಾಠದ ಹೊರೆ ಈಗಾಗಲೇ ಹೆಚ್ಚಾಗಿದೆ, ಇನ್ನೊಂದನ್ನು ಏಕೆ ಹೇರಬೇಕೆಂಬುದು. ಈ ಕಾಳಜಿ ನ್ಯಾಯವಾದದ್ದು. ಆದರೆ ನಾನು ಬೇಡುವುದು ಹೊಸ ಪುಸ್ತಕವನ್ನಲ್ಲ, ಇರುವ ಪಾಠಗಳಲ್ಲಿ ಬಿಟ್ಟುಹೋದ ಎಳೆಗಳನ್ನು ಸೇರಿಸುವುದನ್ನು. ಎರಡನೆಯದು, ನಮ್ಮ ಚರಿತ್ರೆಯನ್ನೇ ಮಕ್ಕಳು ಸರಿಯಾಗಿ ಅರಿಯದಿರುವಾಗ ಪರರ ಚರಿತ್ರೆಯೇತಕ್ಕೆಂಬುದು. ರಾಗಿಯೂ ಬಿಜಾಪುರವೂ ಸಿದ್ದಿಯೂ ನಮ್ಮವಾಗಿರುವ ತನಕ ಆಫ್ರಿಕ ನಮಗೆ ಪರರ ಚರಿತ್ರೆಯಲ್ಲ. ಅದಿಲ್ಲದೆ ನಮ್ಮದೇ ಪೂರ್ತಿಯಾಗದು. ಮೇಲಾಗಿ, 2023ರ ಸೆಪ್ಟೆಂಬರಿನಲ್ಲಿ ದೆಹಲಿಯಲ್ಲಿ ಭಾರತದ ಅಧ್ಯಕ್ಷತೆಯಲ್ಲಿಯೇ ಆಫ್ರಿಕದ ಒಕ್ಕೂಟ ಜಿ-20 ರಾಷ್ಟ್ರಗಳ ಕೂಟಕ್ಕೆ ಸದಸ್ಯನಾಗಿ ಸೇರಿತು. ರಾಜಕಾರ್ಯಕ್ಕೆ ಮೇಜಿನ ಬಳಿ ಆಸನ ಕೊಟ್ಟ ದೇಶ, ಪಾಠಪುಸ್ತಕದಲ್ಲಿ ಒಂದು ಪುಟ ಕೊಡಲಾರದೆ?

ಮಾಡಬೇಕಾದ ರೀತಿಯೂ ಕಠಿಣವಾದುದಲ್ಲ. ಕಿರಿಯ ತರಗತಿಗಳ ಪರಿಸರ ಅಧ್ಯಯನದಲ್ಲಿ ಧಾನ್ಯಗಳ ಪಾಠ ಬರುವಾಗ ರಾಗಿ, ಜೋಳ, ಸಜ್ಜೆಗಳು ಸಮುದ್ರ ದಾಟಿ ಬಂದ ದಾರಿಯನ್ನು ಭೂಪಟದ ಮೇಲೆ ಒಂದು ಗೆರೆಯಾಗಿ ತೋರಿಸಲಿ. ಹಿರಿಯ ಪ್ರಾಥಮಿಕ ತರಗತಿಗಳಲ್ಲಿ ಪ್ರಾಚೀನ ನಾಗರಿಕತೆಗಳನ್ನು ಹೇಳುವಾಗ ಈಜಿಪ್ಟನ್ನು ಆಫ್ರಿಕದ ಮಗಳಾಗಿ ಹೇಳಿ, ಅದರ ತೆಂಕಣ ನೆರೆಯ ಕುಶ್ ರಾಜ್ಯದ ಅರಸರು ಈಜಿಪ್ಟನ್ನೇ ಆಳಿದರೆಂಬುದನ್ನೂ ಅಕ್ಸುಮಿನ ವೃತ್ತಾಂತವನ್ನೂ ಅಲ್ಲಿಯೇ ಸೇರಿಸಲಿ. ದಖ್ಖನಿನ ಸುಲ್ತಾನರ ಪಾಠದಲ್ಲಿ ಹಬ್ಶಿಗಳ ಒಂದು ಪ್ರಕರಣವಿರಲಿ. ಹೈಸ್ಕೂಲಿನಲ್ಲಿ ವಸಾಹತುಶಾಹಿಯನ್ನು ಕಲಿಸುವಾಗ ಬರ್ಲಿನ್ನಿನ ಜೊತೆಗೆ ಅದ್ವಾವೂ, ಚರಿತ್ರೆಯ ಆಧಾರಗಳನ್ನು ಕಲಿಸುವಾಗ ಶಾಸನಗಳ ಜೊತೆಗೆ ಮಹಾ ಜಿಂಬಾಬ್ವೆಯೂ ಇರಲಿ. ಉತ್ತರ ಕನ್ನಡದ ಶಾಲೆಗಳಲ್ಲಿ ಸಿದ್ದಿ ಹಿರಿಯರನ್ನು ತರಗತಿಗೆ ಕರೆದು ಡಮಾಮಿಯ ಕಥೆಯನ್ನು ಅವರ ಬಾಯಿಂದಲೇ ಕೇಳಿಸಲಿ. ಕೌದಿ ಹೊಲಿಯುವ ತಾಯಿಯೂ ಒಂದು ದಿನ ಉಪಾಧ್ಯಾಯಿನಿಯಾಗಲಿ.

ಕನ್ನಡ ಭಾಷೆಯ ಪಠ್ಯದಲ್ಲಿಯೂ ಆ ಖಂಡದ ಕಥೆಗಳಿಗೆ ಎಡೆಯಿರಬೇಕು. ಕೀನ್ಯದ ಗೂಗಿ ವಾ ಥಿಯಾಂಗೊ ಅವರು ತಮ್ಮ ಬಾಲ್ಯದ ಶಾಲೆಯಲ್ಲಿ ತಾಯ್ನುಡಿಯಾದ ಗಿಕುಯು ಭಾಷೆಯನ್ನಾಡಿದ ಮಕ್ಕಳಿಗೆ ಶಿಕ್ಷೆಯಾಗುತ್ತಿದ್ದುದನ್ನು ಬರೆದಿದ್ದಾರೆ. ಇಂಗ್ಲಿಷಿನಲ್ಲಿ ಲೋಕಪ್ರಸಿದ್ಧರಾದ ಮೇಲೆ ಅವರು ಸೆರೆಮನೆಯಲ್ಲಿದ್ದಾಗ, ಶೌಚದ ಕಾಗದದ ಮೇಲೆ, ತಮ್ಮ ನುಡಿಯಲ್ಲಿಯೇ ಕಾದಂಬರಿಯನ್ನು ಬರೆದರು. ಶಾಲೆಯ ಅಂಗಳದಲ್ಲಿ ಕನ್ನಡವಾಡಿದುದಕ್ಕೆ ದಂಡ ತೆತ್ತ ಮಕ್ಕಳು ನಮ್ಮ ಊರುಗಳಲ್ಲಿಯೂ ಇದ್ದಾರೆ. ಅವರಿಗೆ ಈ ಬಾಳಿನ ಕಥೆಗಿಂತ ಹತ್ತಿರದ ಪಾಠ ಯಾವುದು? ಉಪಾಧ್ಯಾಯರಿಗೆ ಬೇಕಾದ ಸಾಮಗ್ರಿಯೂ ದುರ್ಲಭವಲ್ಲ. ಯುನೆಸ್ಕೋದ ಆ ಎಂಟು ಸಂಪುಟಗಳು ಅಂತರ್ಜಾಲದಲ್ಲಿ ಯಾರಿಗಾದರೂ ಉಚಿತವಾಗಿ ದೊರೆಯುತ್ತವೆ. ಅವುಗಳ ಸಾರವನ್ನು ತಿಳಿಗನ್ನಡದಲ್ಲಿ ಮಕ್ಕಳಿಗೆ ನಿಲುಕುವಂತೆ ಬರೆಯಿಸಿ ಅಚ್ಚುಹಾಕಿಸುವುದು ನಮ್ಮ ವಿಶ್ವವಿದ್ಯಾಲಯಗಳಿಗೂ ಪುಸ್ತಕ ಪ್ರಾಧಿಕಾರಗಳಿಗೂ ಅಸಾಧ್ಯವಾದ ಕಾರ್ಯವಲ್ಲ.

ಆದುದರಿಂದ ಮುಂದಿನ ಪರಿಷ್ಕರಣಕ್ಕೆ ಕುಳಿತುಕೊಳ್ಳುವ ಪಠ್ಯಪುಸ್ತಕ ಸಮಿತಿಯವರಲ್ಲಿ ನನ್ನ ಪ್ರಾರ್ಥನೆಯಿಷ್ಟೆ: ಸಿದ್ದಿ ಮಗುವೂ ಅದರ ಮಗ್ಗುಲಲ್ಲಿ ಕುಳಿತ ಇತರ ಮಕ್ಕಳೂ ಒಂದೇ ಪುಸ್ತಕವನ್ನು ತೆರೆದು, ಒಂದೇ ದನಿಯಲ್ಲಿ ಎಜಾನನ, ಮನ್ಸಾ ಮೂಸಾನ, ಮಲಿಕ್ ಅಂಬರನ ಹೆಸರುಗಳನ್ನು ಓದುವಂತೆ ಮಾಡಿರಿ. ಸಮಿತಿಯ ತೀರ್ಮಾನದವರೆಗೆ ಕಾಯಬೇಕಾಗಿಲ್ಲದ ಉಪಾಧ್ಯಾಯ ಮಿತ್ರರಲ್ಲಿ ಇನ್ನೊಂದು ಮಾತು: ನಾಳೆ ತರಗತಿಗೆ ಹೋಗುವಾಗ ಒಂದು ಹಿಡಿ ರಾಗಿಯನ್ನು ಒಯ್ಯಿರಿ, ಗೋಡೆಯ ಭೂಪಟದಲ್ಲಿ ಇಥಿಯೋಪಿಯವನ್ನು ತೋರಿಸಿರಿ, ನಾವು ಉಂಡ ಅನ್ನದ ತವರು ಇದು ಎಂದು ಮಕ್ಕಳಿಗೆ ಹೇಳಿರಿ. ಪಾಠ ಅಲ್ಲಿಂದ ಮೊದಲಾಗಲಿ.